ಬೋಜನ ಹೆಸರಿನ ಮೆಣಸು

ಅಮ್ಮತ್ತಿಯ ಆಚೆಗಿನ ಆ ತೋಟದಲ್ಲಿ ಮರಗಳಿಗೆ ಹಬ್ಬಿಸಿದ ಕರಿಮೆಣಸಿನ ಕೊಯ್ಲಿಗೆ ಒಂದು ಕಟ್ಟಳೆಯಿತ್ತು. ಗಂಡಸರು ಏಣಿ ಹತ್ತಬೇಕು, ಹೆಂಗಸರು ಕೆಳಗೆ ಉದುರಿದ್ದನ್ನು ಆಯಬೇಕು. ಹೆಂಗಸಿಗೆ ಎತ್ತರದಲ್ಲಿ ತಲೆ ತಿರುಗುತ್ತದಂತೆ, ಮುಟ್ಟಾದವಳು ಮುಟ್ಟಿದರೆ ಬಳ್ಳಿ ಸೊರಗುತ್ತದಂತೆ. ಸೊರಗಿದ ಬಳ್ಳಿ ಯಾವುದಪ್ಪಾ ಎಂದು ಕೇಳಿದವರಿಲ್ಲ.

ನಿಜಕ್ಕೂ ಎತ್ತರ ಕಂಡರೆ ಹೆದರಿ ಸಾಯುತ್ತಿದ್ದವನು ಅಲ್ಲಿ ಕೂಲಿಗಿದ್ದ ಪ್ರೇಮಾವತಿಯ ಗಂಡ ಬೋಜ. ಮದುವೆಯಾದ ವರ್ಷ ಸಿಲ್ವರ್ ಓಕ್ ಮರದ ಅರ್ಧಕ್ಕೆ ಹತ್ತಿ, ಏಣಿಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿ ನಿಂತುಬಿಟ್ಟಿದ್ದ. ಅವಳೇ ಕೆಳಗಿನಿಂದ, "ಬಲಗಾಲು ಇಳಿಸಿ... ಹಾಂ, ಈಗ ಎಡಗಾಲು..." ಎಂದು ಹೇಳಿ ಹೇಳಿ ಇಳಿಸಿದ್ದಳು. ಅಂದಿನಿಂದ ಗಂಡ ಹೆಂಡತಿ ತೋಟದ ಕೊನೆಯ ಸಾಲನ್ನೇ ಕೇಳಿ ಪಡೆಯುತ್ತಿದ್ದರು. ಅಲ್ಲಿ ಯಾರ ಕಣ್ಣೂ ಬೀಳುತ್ತಿರಲಿಲ್ಲ. ಅವಳು ಹತ್ತುತ್ತಿದ್ದಳು, ಅವನು ಏಣಿ ಹಿಡಿಯುತ್ತಿದ್ದ. ಹದಿಮೂರು ವರ್ಷ ಹೀಗೇ ನಡೆಯಿತು. ಮುಟ್ಟಿನ ದಿನಗಳಲ್ಲೂ ಹತ್ತಿದಳು. ಬಳ್ಳಿಗಳಿಗೆ ಕಟ್ಟಳೆ ಗೊತ್ತಿರಲಿಲ್ಲವೋ ಏನೋ, ಚೆನ್ನಾಗಿಯೇ ಕಾಯಿ ಬಿಟ್ಟವು. ಕೊಯ್ದದ್ದೆಲ್ಲ ಬೋಜನ ಹೆಸರಿಗೆ. ಗಂಡನ ಮಾನ ಎಂದು ಅವಳು ತುಟಿ ಬಿಚ್ಚಲಿಲ್ಲ.

ಈ ವರ್ಷ ಆಳುಗಳ ಕೆಲಸ ನೋಡಿಕೊಳ್ಳುತ್ತಿದ್ದ ಹಳೆಯ ಮೇಸ್ತ್ರಿ ಕೆಲಸ ಬಿಟ್ಟ. ಏಣಿ ಹತ್ತುವವರಲ್ಲೇ ಒಬ್ಬರನ್ನು ಮೇಸ್ತ್ರಿ ಮಾಡುವುದಾಗಿ ತೋಟದ ಲೆಕ್ಕ ಬರೆಯುವ ರೈಟರ್ ತೀರ್ಥಪ್ರಸಾದ್ ಹೇಳಿದರು. ಪ್ರೇಮಾವತಿ ಧೈರ್ಯ ಮಾಡಿ ಎಲ್ಲರ ಮುಂದೆ ಬಂದು ನಿಂತಳು.

"ಸಾರ್, ನಾನೂ ಹತ್ತುತ್ತೇನೆ. ಬೇಕಾದ್ರೆ ಇವರನ್ನೇ ಕೇಳಿ."

ರೈಟರ್ ತಿರುಗಿದರು. "ಹೌದೇನೋ ಬೋಜ?"

ಬೋಜ ನಕ್ಕ. "ಇವಳಾ? ಹೆಂಗಸರ ಮೈಯೇ ಬೇರೆ ಅಲ್ವಾ ಸಾರ್, ಗುಂಡಿಗೆ ಮೆತ್ತಗೆ. ಏಣಿ ಕಂಡ್ರೇ ನಡುಗ್ತಾಳೆ."

ಎಲ್ಲರೂ ನಕ್ಕರು. ಏರಿದ ಏಣಿಯನ್ನು ಒದೆಯುವವರು ಊರಿಗೊಬ್ಬರು ಇರುತ್ತಾರೆ. ಇವನು ಏರದ ಏಣಿಯನ್ನೇ ಒದ್ದ. ಬೇರೆ ಯಾರಾದರೂ ಅಂದಿದ್ದರೆ ಪ್ರೇಮಾವತಿ ಸಹಿಸುತ್ತಿದ್ದಳು. ತನ್ನ ಭಯವನ್ನೇ ತೆಗೆದು ಅವಳಿಗೆ ಅಂಟಿಸಿದ್ದನಲ್ಲ, ಅದನ್ನು ಹೇಗೆ ಸಹಿಸುವುದು? ಲೆಕ್ಕದ ಪುಸ್ತಕದಲ್ಲಿ ಹೆಚ್ಚು ಮೆಣಸು ಇದ್ದದ್ದು ಅವನ ಹೆಸರಿಗೇ, ಬೋಜ ಮೇಸ್ತ್ರಿಯಾದ.

ಹೊಸ ಮೇಸ್ತ್ರಿ ಮೊದಲ ಮರ ತಾನೇ ಹತ್ತಿ ಕೊಯ್ಲು ಶುರು ಮಾಡಬೇಕೆಂಬುದು ಅಲ್ಲಿಯ ರೂಢಿ. ಅದು ಬೋಜನಿಗೆ ನೆನಪಾದದ್ದು ಮಾರನೆಯ ಬೆಳಿಗ್ಗೆ, ಆಳುಗಳೆಲ್ಲ ಬಂದು ಸುತ್ತ ನಿಂತಾಗ. ಪ್ರೇಮಾವತಿ ತಾನಾಗಿ ಹೋಗಿ ಏಣಿಯ ಬುಡ ಹಿಡಿದಳು. ಅವನು ಹತ್ತು ಮೆಟ್ಟಿಲು ಹತ್ತಿದ. ಆಮೇಲೆ ಏಣಿಯನ್ನು ತಬ್ಬಿಕೊಂಡ. ಕಾಲು ಗಡಗಡ ನಡುಗಿತು. ಏಣಿ ಮಾತ್ರ ಅಲುಗಲಿಲ್ಲ, ಅಷ್ಟು ಗಟ್ಟಿಯಾಗಿ ಹಿಡಿದಿದ್ದಳು.

"ಪ್ರೇಮಾ," ಮೇಲಿನಿಂದ ಅಳುವ ದನಿ ಬಂತು, "ಯಾವ ಕಾಲು?"

ಎಲ್ಲರೂ ಅವಳ ಮುಖ ನೋಡಿದರು.

"ನಾನು ಹೆಂಗಸು," ಎಂದಳು ಪ್ರೇಮಾವತಿ. "ನನಗೇನು ಗೊತ್ತು?"