ಅಮ್ಮ ಕಾಲೇಜು ನೋಡಿದ್ದು

ನನ್ನ ಮಗಳು ಇನ್ನೂ ಒಂಬತ್ತನೇ ಕ್ಲಾಸಿನಲ್ಲಿದ್ದಾಗಲೇ ಕಾಲೇಜು ನೋಡಿ ಬರೋಣ ಅಂತ ಹಟ ಹಿಡಿದವಳು ನಮ್ಮಮ್ಮ. "ಹೆಣ್ಣು ಕಳಿಸೋ ಮನೇನ ಮುಂಚೇನೇ ನೋಡ್ಬೇಕು ಕಣೋ" ಅನ್ನೋದು ಅವಳ ವಾದ. ಅವಳು ಬೇಡ ಅಂದರೆ ನಮ್ಮನೆಯಲ್ಲಿ ಯಾವುದೂ ನಡೆಯೋಲ್ಲ, ಮೊಮ್ಮಗಳ ಕಾಲೇಜೂ ಅಷ್ಟೇ. ಸರಿ, ಕೆ.ಆರ್. ಪುರದಲ್ಲಿ ಬಸ್ ಹತ್ತಿ ಮೂವರೂ ಇಂದಿರಾನಗರದ ಒಂದು ಕಾಲೇಜಿಗೆ ಹೋದೆವು.

ಗೇಟಿನಲ್ಲಿ ವಾಚ್‌ಮನ್ ತಡೆದ. "ಒಂಬತ್ನೇ ಕ್ಲಾಸಾ? ಎಸ್ಸೆಸ್ಸೆಲ್ಸಿ ಪಾಸಾದ್ಮೇಲೆ ಬನ್ನಿ ಸಾರ್."

"ಮದ್ವೆ ಆದ್ಮೇಲೆ ಗಂಡಿನ ಮನೆ ನೋಡೋಕೋಗ್ತಾರೇನಪ್ಪಾ?" ಅಂದಳು ಅಮ್ಮ. ಅವನು ನಕ್ಕು ಗೇಟು ತೆಗೆದ.

ಅಮ್ಮ ಕುಡಿಯೋ ನೀರಿನ ನಲ್ಲಿ ತಿರುಗಿಸಿ ನೋಡಿದಳು. ಹುಡುಗಿಯರ ಟಾಯ್ಲೆಟ್ಟಿಗೆ ಹೋಗಿ ಚಿಲಕ ಎಳೆದು ನೋಡಿದಳು. ಎದುರಿಗೆ ಬಂದ ಲೆಕ್ಚರರ್ ಒಬ್ಬರನ್ನು ನಿಲ್ಲಿಸಿ, "ಮಕ್ಳಿಗೆ ಬೈತೀರಾ?" ಅಂತ ಕೇಳಿಯೇಬಿಟ್ಟಳು. "ಬೈದ್ರೆ ಯಾರಮ್ಮ ಕೇಳ್ತಾರೆ?" ಅಂದರು ಆಕೆ. ನಾನು ಗೋಡೆ ಕಡೆ ತಿರುಗಿ ನೋಟಿಸ್ ಬೋರ್ಡ್ ಓದುತ್ತಾ ನಿಂತೆ.

ಬಿಸಿಲಿಗೆ ಬಾಯಿ ಒಣಗಿತ್ತು. "ಕ್ಯಾಂಟೀನಲ್ಲಿ ಕಾಫಿ ಕುಡಿಯೋಣ ಬಾರಮ್ಮ" ಅಂದೆ.

"ಸಂಬಂಧ ಒಪ್ಪಿಗೆ ಆಗೋಗಂಟ ಅವ್ರ ಮನೇಲಿ ಏನೂ ಮುಟ್ಬಾರ್ದು" ಅಂತ ಗದರಿದಳು.

ತಿರುಗಿ ನೋಡಿದರೆ ಮಗಳು ಪಕ್ಕದಲ್ಲಿಲ್ಲ. ಕ್ಯಾಂಟೀನಿನ ಕಟ್ಟೆ ಮೇಲೆ ಕೂತು, ಚಟ್ನಿಯಲ್ಲಿ ಅದ್ದಿ ಅದ್ದಿ ವಡೆ ತಿನ್ನುತ್ತಿದ್ದಾಳೆ!

ಅಮ್ಮ "ಮುಗೀತು ಬಿಡು, ಹುಡುಗಿ ಒಪ್ಕೊಂಡ್ಬಿಟ್ಟವ್ಳೆ" ಅಂತ ತಾನೂ ಹೋಗಿ ಪಕ್ಕದಲ್ಲಿ ಕೂತು ಕಾಫಿ ತರಿಸಿದಳು.

ಇನ್ನು ಕಾಲೇಜಿನವರು ಒಪ್ಪೋದೊಂದೇ ಬಾಕಿ ಇತ್ತು.