ಭೇಟಿಯ ಅಳು

ನಮ್ಮ ಲಂಬಾಣಿ ಹೆಂಗಸರು ಬಹಳ ದಿನದ ಮೇಲೆ ಭೇಟಿಯಾದರೆ ಮೊದಲು ತಬ್ಬಿಕೊಂಡು ರಾಗವಾಗಿ ಅಳುತ್ತಾರೆ. ಇಷ್ಟು ದಿನ ಎಲ್ಲಿದ್ದೆ, ಏನೇನು ಕಷ್ಟಪಟ್ಟೆ ಎಂದು ಪದ ಕಟ್ಟಿ ಅತ್ತು ಮುಗಿಸಿದ ಮೇಲೆಯೇ ನೀರು, ಊಟ. ನನಗಿದು ಬರುವುದಿಲ್ಲ. ಕಲಿಸಬೇಕಾದ ಅಮ್ಮ ಕಲಿಸಲಿಲ್ಲ.

ಅವಳಿಗೆ ಅವಳದೇ ಕಾರಣವಿತ್ತು. ಎಲ್ಲಿ ಕಳ್ಳತನವಾದರೂ ಮೊದಲು ತಾಂಡಾದ ಗಂಡಸರನ್ನೇ ಎಳೆದೊಯ್ಯುತ್ತಿದ್ದ ಕಾಲವನ್ನು ಅಜ್ಜ ಕಂಡಿದ್ದ. ಅಮ್ಮ ತಾಂಡಾ ಬಿಟ್ಟು ಹಾಸ್ಟೆಲ್ ಸೇರಿದಳು. ಅಲ್ಲಿ ನಮ್ಮ ಮಾತು ಬಾಯಿಂದ ಹೊರಬಿದ್ದಾಗಲೆಲ್ಲ ಬೆತ್ತದೇಟು ತಿಂದಳು. ಮುಂದೆ ಭದ್ರಾವತಿಯ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಅಕ್ಕಪಕ್ಕದವರು ಬೀದಿಗೆಲ್ಲ ಕೇಳುವಂತೆ ತಮಿಳು, ತೆಲುಗಿನಲ್ಲಿ ಜಗಳವಾಡುತ್ತಿದ್ದರು. ನಾವು ಮಾತ್ರ ಅಡುಗೆಮನೆಯಲ್ಲೂ ಕನ್ನಡ. ನನಗೆ ಅದರ ಸಿಟ್ಟು ಈಗಲೂ ಇಳಿದಿಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಮ್ಮನ ಒಡಹುಟ್ಟಿದ ಅಕ್ಕ, ನನ್ನ ದೊಡ್ಡಮ್ಮ, ಕನ್ನಡಿ ಹೊಲಿದ ಲಂಗದಲ್ಲಿ ಬಂದು ಬಾಗಿಲಲ್ಲೇ ತೋಳು ಚಾಚಿದಳು. ಅಮ್ಮ ಅವಳನ್ನು ಒಳಗೆಳೆದು ಬಾಗಿಲು ಹಾಕಿ, ಇಲ್ಲಿ ಅದೆಲ್ಲ ಬೇಡ ಎಂದಳು. ದೊಡ್ಡಮ್ಮ ಅಳದೆಯೇ ಊಟ ಮಾಡಿ ಹೋದಳು. ಮತ್ತೆಂದೂ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ.

ಈಚೆಗೆ ಗೋಪಾಳದಲ್ಲಿ ಮನೆ ಕಟ್ಟಿಸಿದೆ. ಗೃಹಪ್ರವೇಶಕ್ಕೆ ದೊಡ್ಡಮ್ಮನನ್ನು ನಾನೇ ಹೋಗಿ ಕರೆದುಬಂದೆ. ಅಮ್ಮನನ್ನು ಕೇಳಲಿಲ್ಲ. ಕೇಳಿದ್ದರೆ ಅವಳು ಬೇಡ ಅನ್ನುತ್ತಿದ್ದಳು, ನಾನು ಬಾಯಿಗೆ ಬಂದದ್ದು ಅನ್ನುತ್ತಿದ್ದೆ. ನನ್ನ ಮನೆಯಲ್ಲಿ ಯಾರಿಗೂ ಹೆದರಬೇಕಿಲ್ಲ ಎಂಬ ಜಂಬ ನನಗಿತ್ತು. ಆದರೂ ಇಬ್ಬರಿಗೂ ವಯಸ್ಸಾಗಿದೆ. ಈ ಸಲವೂ ಅಮ್ಮ ಹಿಂದೆ ಸರಿದರೆ ಇನ್ನೊಂದು ಸಲ ಸಿಗುವುದಿಲ್ಲ ಎಂದು ಒಳಗೊಳಗೇ ಪುಕುಪುಕು.

ಆಟೋದಿಂದ ಇಳಿದ ದೊಡ್ಡಮ್ಮ ತೋಳು ಚಾಚಲಿಲ್ಲ. ಕೈಚೀಲ ಎದೆಗವಚಿಕೊಂಡು ಗೇಟಿನ ಹೊರಗೇ ನಿಂತು, ತಂಗಿಯನ್ನು ಕನ್ನಡದಲ್ಲಿ ಕೇಳಿದಳು: "ಚೆನ್ನಾಗಿದೀರೇನಮ್ಮ?"

ಒಡಹುಟ್ಟಿದ ತಂಗಿಗೆ ಬಹುವಚನ. ಅಮ್ಮ ಗೇಟು ದಾಟಿ ಬಂದು ಆ ಚೀಲ ಕಿತ್ತು ಕೆಳಗಿಟ್ಟು, ನಡುಬೀದಿಯಲ್ಲೇ ಅಕ್ಕನ ಕೊರಳು ತಬ್ಬಿ ರಾಗ ಎತ್ತಿದಳು. ಎರಡು ಸಾಲಿಗೇ ಪದ ಮರೆತುಹೋಯಿತು. ದೊಡ್ಡಮ್ಮ ಅಳುತ್ತಲೇ ಒಂದೊಂದಾಗಿ ಹೇಳಿಕೊಟ್ಟಳು, ಅಮ್ಮ ಅಳುತ್ತಲೇ ಹೇಳಿಸಿಕೊಂಡಳು.

ಎದುರುಮನೆಯ ಗೆಳತಿ ಗಾಬರಿಯಿಂದ ಓಡಿಬಂದು, ಯಾರು ಹೋಗಿಬಿಟ್ಟರು ಎಂದು ಕೇಳಿದಳು.

"ಯಾರೂ ಹೋಗಿಲ್ಲ ಮಾರಾಯ್ತಿ," ಎಂದೆ. "ನಮ್ಮಮ್ಮ ಅವಳಕ್ಕನ್ನ ಮಾತಾಡಿಸ್ತಿದಾಳೆ."