ಜೇನಿಗೂ ಊದದ ಕೈ

ನನ್ನ ಗಂಡನಿಗೆ ಜೇನು ಕಚ್ಚಿದರೆ ಬಾವು ಬರುವುದಿಲ್ಲ. ವಾನಳ್ಳಿಯಿಂದ ಯಲ್ಲಾಪುರದವರೆಗೆ ಯಾರ ಮನೆಯ ಜೇನುಪೆಟ್ಟಿಗೆ ಕೆಟ್ಟರೂ ಇವರೇ ಹೋಗಬೇಕು. ಕಚ್ಚಿಸಿಕೊಂಡು ಕಚ್ಚಿಸಿಕೊಂಡು ಮೈ ಆ ವಿಷಕ್ಕೆ ಒಗ್ಗಿಹೋಗಿದೆ. ನೆಂಟರ ಮುಂದೆ ಅದೊಂದು ದೊಡ್ಡ ಜಂಬ.

ಇವರಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದು ಕೀಮೋ ಮುಗಿದ ಮೇಲೆ, ದೂರದ ದೊಡ್ಡ ಆಸ್ಪತ್ರೆಯಲ್ಲಿ ಪ್ರಯೋಗದ ಲಸಿಕೆಯೊಂದಕ್ಕೆ ಒಪ್ಪಿಕೊಂಡರು. ರೋಗ ಬಂದ ಮೇಲೆ ಲಸಿಕೆಯೇ? ಸಿದ್ದಾಪುರದ ನನ್ನ ತವರಿನಲ್ಲಿ ಮಂಗನ ಕಾಯಿಲೆಗೆ ಚುಚ್ಚಿಸಿಕೊಂಡಿದ್ದು ಅದು ಬರದಿರಲಿ ಎಂದು! ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ಜೀವಕೋಶ ಒಡೆದು ಎರಡಾದಾಗಲೆಲ್ಲ ಅದರೊಳಗಿನ ವರ್ಣತಂತುಗಳ ತುದಿ ಸವೆಯುತ್ತದಂತೆ, ಸವೆದು ಸವೆದು ಕೊನೆಗೆ ಕೋಶ ಒಡೆಯುವುದನ್ನೇ ನಿಲ್ಲಿಸುತ್ತದಂತೆ. ಹೆಚ್ಚಿನ ಕ್ಯಾನ್ಸರ್ ಕೋಶಗಳು ಟೆಲೊಮರೇಸ್ ಎಂಬ ಕಿಣ್ವದಿಂದ ಆ ತುದಿಯನ್ನು ಮತ್ತೆ ಬೆಳೆಸಿಕೊಂಡು ಸಾಯದೆ ಉಳಿಯುತ್ತವೆ. ಈ ಲಸಿಕೆ ಆ ಕಿಣ್ವದ ಚೂರನ್ನು ಮೈಯ ಕಾವಲು ಕೋಶಗಳಿಗೆ ತೋರಿಸಿ, ಇದು ಎಲ್ಲಿ ಕಂಡರೂ ಬಿಡಬೇಡಿ ಎನ್ನುತ್ತದೆ. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಅತಿಯಾದರೆ ಅಮೃತವೂ ವಿಷ ಎನ್ನುತ್ತಾರಲ್ಲ, ಇಲ್ಲಿ ಸಾಯದಿರುವುದೇ ರೋಗ!

ಕೆಲವು ಲಸಿಕೆಗಳಾದ ಮೇಲೆ ಒಂದು ಪರೀಕ್ಷೆ. ಅದೇ ಚೂರನ್ನು ಮುಂಗೈ ಚರ್ಮದೊಳಗೆ ಚುಚ್ಚಿ ಮನೆಗೆ ಕಳಿಸಿದರು. ಎರಡು ದಿನದಲ್ಲಿ ಅಲ್ಲಿ ಕೆಂಪಾಗಿ ಗಟ್ಟಿಯಾದರೆ ಮೈ ಪಾಠ ಕಲಿತಿದೆ ಎಂದರ್ಥ, ಫೋಟೋ ಕಳಿಸಿ ಎಂದರು.

“ಜೇನಿಗೇ ಬಾವು ಬತ್ತಿಲ್ಲೆ, ಈ ಸಣ್ಣ ಸೂಜಿಗೆ ಬತ್ತಾ?” ಎಂದು ಇವರು ನಕ್ಕರು.

ಆ ನಗು ನನಗೆ ಸೇರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. ಜೇನಿನ ವಿಷಕ್ಕೆ ಒಗ್ಗುವುದೇ ಬೇರೆ, ಇದೇ ಬೇರೆ ಎಂದರು. ಆದರೂ ಹೆದರಿಕೆ ಹೋಗಲಿಲ್ಲ. ಮರುದಿನವೆಲ್ಲ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ಕೈಯಲ್ಲಿ ಏನೂ ಇರಲಿಲ್ಲ.

ಅದರ ಮಾರನೇ ಬೆಳಿಗ್ಗೆ ಕಾವಲಿಯ ಮೇಲೆ ತೆಳ್ಳೇವು ಎರೆಯುತ್ತಿದ್ದೆ. ಇವರು ಬಂದು ಕೈ ಚಾಚಿದರು.

“ತುರಿಸ್ತಾ ಇದ್ದು.”

ಚುಚ್ಚಿದಲ್ಲಿ ರೂಪಾಯಿಯಗಲ ಕೆಂಪು, ಮುಟ್ಟಿದರೆ ಗಟ್ಟಿ. ತೆಳ್ಳೇವು ಸೀದುಹೋಯಿತು. ಕಣ್ಣಿಗೆ ಕಾಣದ ಆ ಚೂರನ್ನು ಇವರ ಮೈ ಗುರುತು ಹಿಡಿದಿತ್ತು! ದೇವರ ಮನೆಗೆ ಹೋಗುವಷ್ಟು ವ್ಯವಧಾನವಿರಲಿಲ್ಲ, ಆ ಕೈಗೇ ಕೈಮುಗಿದೆ.

ಫೋಟೋ ನೋಡಿ ಡಾಕ್ಟರು ಎಚ್ಚರಿಸಿದರು: “ಗುಣವಾಯಿತು ಎಂದಲ್ಲ. ಮೈ ಗುರುತು ಹಿಡಿದಿದೆ, ಅಷ್ಟೇ.” ಅಷ್ಟೇ ಅಂತೆ!

ಇವರಿಗೆ ಹೇಳಿದೆ. ಇಷ್ಟು ದಿನ ಎಲ್ಲಕ್ಕೂ ತಮಾಷೆ ಮಾಡುತ್ತಿದ್ದವರು ಆ ಕೆಂಪನ್ನು ಬೆರಳಿನಿಂದ ಸವರಿದರು. ಆಮೇಲೆ ಮೆಲ್ಲಗೆ ಕೇಳಿದರು:

“ಹಂಗಾರೆ ಯನ್ನ ಮೈ ಇನ್ನೂ ಯನ್ನ ಬದಿಗೇ ಇದ್ದಾ?”